ಮಳೆಗಾಲದ ಮಲೆನಾಡಿಗೆ ಹೊಂದುವ ಬ್ಯಾಟರಿ: ಮ್ಯಾಂಗನೀಸ್ ಆಕ್ಸೈಡ್ ನ್ಯಾನೊಕಡ್ಡಿಗಳಿಂದ ಜಿಂಕ್ ಸೆಲ್ ಮಾಡುವುದು ಹೇಗೆ

ಶಿವಮೊಗ್ಗದಿಂದ ಸಾಗರದ ಕಡೆ ಹೊರಟರೆ ಆಯನೂರು ದಾಟಿದ ಮೇಲೆ ಕುಂಸಿ ಸಿಗುತ್ತದೆ. ಆ ಸುತ್ತ ಹಿಂದೆ ಮ್ಯಾಂಗನೀಸ್ ಅದಿರು ತೆಗೆಯುತ್ತಿದ್ದರು. ಅದೇ ಮ್ಯಾಂಗನೀಸ್‌ನ ಆಕ್ಸೈಡ್ ನಿಮ್ಮ ಮನೆಯ ಟಾರ್ಚ್ ಸೆಲ್ಲಿನ ಒಳಗಿರುವ ಕಪ್ಪು ಪುಡಿ. ಖಾಲಿಯಾದರೆ ಎಸೆದುಬಿಡುವ ಸೆಲ್ ಅದು. ಆದರೆ ಅದೇ ಆಕ್ಸೈಡನ್ನು ನ್ಯಾನೊ ಅಳತೆಯಲ್ಲಿ ಬೆಳೆಸಿ, ಒಳಗಿನ ದ್ರಾವಣವನ್ನೂ ಬದಲಿಸಿದರೆ, ಮತ್ತೆ ಮತ್ತೆ ಚಾರ್ಜ್ ಆಗುವ ಬ್ಯಾಟರಿ ಸಿಗುತ್ತದೆ. ಅದನ್ನು ಮಾಡುವ ದಾರಿ ಇಲ್ಲಿದೆ.

ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಹೊಸದಾಗಿ ಸಂಶೋಧನೆಗೆ ಸೇರಿದವರು, ಅವರಿಗೆ ಗೈಡ್ ಆಗಿರುವ ಮೇಷ್ಟ್ರುಗಳು, ಇವರನ್ನೆಲ್ಲ ಮನಸ್ಸಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಅಡುಗೆಮನೆಯಲ್ಲಿ ಮಾಡುವ ಕೆಲಸ ಅಲ್ಲ. ಲ್ಯಾಬ್ ಬೇಕು, ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಬೇಕು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು.

ಲಿಥಿಯಂ ಯಾಕೆ ಬೇಡ ಅಂತೀನಿ

ಎಲ್ಲರೂ ಮೊದಲು ಲಿಥಿಯಂ ಕಡೆಗೇ ಓಡುತ್ತಾರೆ. ಕಾರಣ ಇದೆ. ಲಿಥಿಯಂ ಸೆಲ್ಲಿನಲ್ಲಿ ಬಳಸುವ ಗ್ರಾಫೈಟ್ ಒಂದು ಗ್ರಾಂಗೆ ಹೆಚ್ಚೆಂದರೆ 372 ಮಿಲಿಆಂಪ್ ಅವರ್ (ಚಾರ್ಜಿನ ಅಳತೆ) ಹಿಡಿಯುತ್ತದೆ. 2000ನೇ ಇಸವಿಯಲ್ಲಿ ಫ್ರಾನ್ಸಿನ ತರಾಸ್ಕಾನ್ ಅವರ ತಂಡ ಕೋಬಾಲ್ಟ್, ನಿಕ್ಕಲ್, ಕಬ್ಬಿಣದ ಆಕ್ಸೈಡುಗಳ ನ್ಯಾನೊ ಕಣಗಳು 700ರಷ್ಟು ಹಿಡಿಯುತ್ತವೆ ಎಂದು ತೋರಿಸಿತು. ಕಬ್ಬಿಣದ ಕೆಂಪು ಆಕ್ಸೈಡಿಗಂತೂ ಲೆಕ್ಕದ ಪ್ರಕಾರ 1007 ಬರುತ್ತದೆ. ನಮ್ಮ ಜಂಬಿಟ್ಟಿಗೆ ಕಲ್ಲಿಗೆ ಆ ಬಣ್ಣ ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡೇ. ಹಾಗಾಗಿ ಆಸೆ ಹುಟ್ಟುವುದು ಸಹಜ.

ನಾನೂ ಅದನ್ನೇ ಹಿಡಿದಿದ್ದೆ. ಪುಡಿ ಎರಡೇ ವಾರದಲ್ಲಿ ತಯಾರಾಯಿತು. ಆಮೇಲೆ ಶುರುವಾಯಿತು ಕಷ್ಟ. ಲಿಥಿಯಂ ಸೆಲ್ ಕಟ್ಟುವುದಕ್ಕೆ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ (ಗ್ಲೌಸಿನ ಮೂಲಕ ಕೈ ತೂರಿಸಿ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಬೇಕು, ಅದರೊಳಗೆ ನೀರಿನ ಅಂಶ ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಅದರ ದ್ರಾವಣದಲ್ಲಿರುವ ಲವಣಕ್ಕೆ ನೀರು ತಾಗಿದರೆ ಹೈಡ್ರೋಫ್ಲೋರಿಕ್ ಆಸಿಡ್ ಹುಟ್ಟುತ್ತದೆ, ಅದು ಸೆಲ್ಲನ್ನು ಒಳಗಿಂದಲೇ ತಿನ್ನುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಆ ಗಾಳಿಯಲ್ಲಿ ನಾನು ಪುಡಿಯಿಂದ ಮಾಡಿದ ಎಲೆಕ್ಟ್ರೋಡುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು, ರಾತ್ರಿ ಬಸ್ಸಿನಲ್ಲಿ ಬೇರೆ ಊರಿನ ಗ್ಲೋವ್ ಬಾಕ್ಸಿಗೆ ಒಯ್ದೆ. ಆರು ಸೆಲ್ ಕಟ್ಟಿದೆ. ಆರೂ ಹತ್ತು ಸೈಕಲ್ (ಒಂದು ಸಲ ಚಾರ್ಜ್ ಆಗಿ ಖಾಲಿಯಾದರೆ ಒಂದು ಸೈಕಲ್) ದಾಟಲಿಲ್ಲ.

ಗ್ಲೋವ್ ಬಾಕ್ಸ್ ನಿಮ್ಮ ಕೈಗೆಟುಕುವಂತಿದ್ದರೆ ಲಿಥಿಯಂ ಮಾಡಿ, ಬೇಡ ಅನ್ನಲ್ಲ. ಇಲ್ಲದಿದ್ದರೆ ನೀರಿಗೆ ಹೆದರದ ಬ್ಯಾಟರಿ ಆರಿಸಿಕೊಳ್ಳಿ. ಜಿಂಕ್ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಜೋಡಿ ಅಂಥದ್ದು. ಅದರ ದ್ರಾವಣವೇ ನೀರು. ತೆರೆದ ಮೇಜಿನ ಮೇಲೆ, ಹೊರಗೆ ಧಾರಾಕಾರ ಮಳೆ ಸುರಿಯುತ್ತಿದ್ದರೂ ಕಟ್ಟಬಹುದು. ಇದು ಬಡವರ ಪರ್ಯಾಯ ಅಂತ ಅಂದುಕೊಳ್ಳಬೇಡಿ. 2012ರಿಂದ ಇದರ ಮೇಲೆ ಪ್ರಪಂಚದ ತುಂಬ ಕೆಲಸ ನಡೆದಿದೆ. ಬೆಂಕಿ ಹತ್ತದ, ಅಗ್ಗದ ಬ್ಯಾಟರಿ ಸೋಲಾರ್ ಕರೆಂಟು ಕೂಡಿಡಲು ಬೇಕು ಎನ್ನುವುದೇ ಅದಕ್ಕೆ ಕಾರಣ.

ನ್ಯಾನೊ ಯಾಕೆ ಬೇಕು

ಚಾರ್ಜ್ ಹೊತ್ತ ಅಯಾನುಗಳು ಗಟ್ಟಿ ಪುಡಿಯ ಒಳಗೆ ಹೋಗಿ ಬರಬೇಕು. ಗಟ್ಟಿಯೊಳಗೆ ಅವು ಬಹಳ ನಿಧಾನ. ಹೋಗಲು ಹಿಡಿಯುವ ಸಮಯ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ 10 ಮೈಕ್ರಾನ್ ಕಣದ ಬದಲು 100 ನ್ಯಾನೊಮೀಟರ್ ಕಣ ಇದ್ದರೆ ದೂರ ನೂರು ಪಟ್ಟು ಕಡಿಮೆ, ಸಮಯ ಹತ್ತು ಸಾವಿರ ಪಟ್ಟು ಕಡಿಮೆ. ಇಷ್ಟೇ ಗುಟ್ಟು. ಆದರೆ ಕಣ ಚಿಕ್ಕದಾದಷ್ಟೂ ಮೇಲ್ಮೈ ಜಾಸ್ತಿ, ಮೇಲ್ಮೈ ಜಾಸ್ತಿ ಆದಷ್ಟೂ ಗಾಳಿಯ ತೇವ ಅಂಟುವುದೂ ಜಾಸ್ತಿ. ಸೆಲ್ಲಿನೊಳಗೆ ನೀರು ಇದ್ದರೆ ತೊಂದರೆ ಇಲ್ಲ. ತೂಕ ಮಾಡುವಾಗ ಇದ್ದರೆ ನಿಮ್ಮ ಲೆಕ್ಕವೆಲ್ಲ ಹಾಳು. ಇದನ್ನು ನೆನಪಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಪುಡಿ ಮಾಡುವುದು

ಬೇಕಾಗುವುದು 100 ಮಿಲಿಲೀಟರ್‌ನ ಹೈಡ್ರೋಥರ್ಮಲ್ ಆಟೋಕ್ಲೇವ್. ಹೊರಗೆ ಸ್ಟೀಲ್, ಒಳಗೆ ಟೆಫ್ಲಾನ್ ಕಪ್. ಪ್ರೆಶರ್ ಕುಕ್ಕರಿನ ತತ್ವವೇ, ಕುಕ್ಕರಿನ ಒಳಗೂ ಹೆಚ್ಚುಕಮ್ಮಿ 120 ಡಿಗ್ರಿಯೇ ಇರುತ್ತದೆ. ಹಾಗಂತ ಕುಕ್ಕರ್ ಬಳಸಬೇಡಿ. ಇದರಲ್ಲಿ ಆಸಿಡ್ ಇದೆ, ಅಲ್ಯುಮಿನಿಯಂ ಕರಗುತ್ತದೆ.

ಒಂದು ಬೀಕರಿನಲ್ಲಿ 54 ಮಿಲಿಲೀಟರ್ ಡಿಸ್ಟಿಲ್ಡ್ ನೀರು ತೆಗೆದುಕೊಂಡು 0.304 ಗ್ರಾಂ ಮ್ಯಾಂಗನೀಸ್ ಸಲ್ಫೇಟ್ ಮೋನೋಹೈಡ್ರೇಟ್ ಕರಗಿಸಿ. ಅದಕ್ಕೆ 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್ 1.2 ಮಿಲಿಲೀಟರ್ ಹಾಕಿ. ಇನ್ನೊಂದು ಬೀಕರಿನಲ್ಲಿ 0.19 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟನ್ನು 12 ಮಿಲಿಲೀಟರ್ ನೀರಿನಲ್ಲಿ ಕರಗಿಸಿ. ಹಳ್ಳಿಗಳಲ್ಲಿ ಬಾವಿಗೆ ಹಾಕುತ್ತಿದ್ದರಲ್ಲ, ಅದೇ ನೇರಳೆ ಹರಳು. ಈ ನೇರಳೆ ದ್ರಾವಣವನ್ನು ಮೊದಲನೆಯದಕ್ಕೆ ಹನಿ ಹನಿಯಾಗಿ ಬಿಡುತ್ತಾ ಕಲಕಿ. ಹನಿ ಬಿದ್ದ ಜಾಗದಲ್ಲೇ ನೇರಳೆ ಮಾಯವಾಗಿ ಕಾಫಿ ಡಿಕಾಕ್ಷನ್ ಬಣ್ಣ ಬರುತ್ತದೆ. ಪರ್ಮಾಂಗನೇಟ್ ಮತ್ತು ಮ್ಯಾಂಗನೀಸ್ ಸಲ್ಫೇಟ್ ಮೋಲುಗಳಲ್ಲಿ ಎರಡಕ್ಕೆ ಮೂರರ ಲೆಕ್ಕದಲ್ಲಿ ಸೇರಿ ಐದು ಮ್ಯಾಂಗನೀಸ್ ಡೈಆಕ್ಸೈಡ್ ಆಗುವ ಕ್ರಿಯೆ ಅದು. ಮೇಲಿನ ತೂಕಗಳು ಸರಿಯಾಗಿ ಆ ಲೆಕ್ಕಕ್ಕೇ ಇವೆ, ಬೇಕಿದ್ದರೆ ನೀವೇ ಹಾಕಿ ನೋಡಿ.

ಇಲ್ಲೊಂದು ಎಚ್ಚರಿಕೆ. ಪರ್ಮಾಂಗನೇಟ್ ಹರಳಿನ ಮೇಲೆ ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಎಂದಿಗೂ ಬೀಳಬಾರದು. ಸಿಡಿಯುವ ವಸ್ತು ಹುಟ್ಟುತ್ತದೆ. ಆಸಿಡನ್ನು ಮೊದಲೇ ತೆಳು ಮಾಡಿ ಬಾಟಲಿಯಲ್ಲಿ ಇಟ್ಟುಕೊಂಡಿರಿ, ಎರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಡಬೇಡಿ.

ಎರಡು ಗಂಟೆ ಕಲಕಿದ ಮೇಲೆ ಟೆಫ್ಲಾನ್ ಕಪ್ಪಿಗೆ ಸುರಿದು ಮುಚ್ಚಿ. ಕಪ್ಪಿನ ಮೂರನೇ ಎರಡು ಭಾಗ ತುಂಬಿರುತ್ತದೆ, ಅದಕ್ಕಿಂತ ಜಾಸ್ತಿ ತುಂಬಿಸಲು ಹೋಗಬೇಡಿ. 120 ಡಿಗ್ರಿಯ ಓವನ್ನಿನಲ್ಲಿ 12 ಗಂಟೆ. ಆಮೇಲೆ ತಾನಾಗಿ ತಣ್ಣಗಾಗಲಿ. ಬಿಸಿ ಇರುವಾಗ ನಲ್ಲಿ ಕೆಳಗೆ ಹಿಡಿಯುವುದು, ಸ್ಪ್ಯಾನರ್ ಹಾಕಿ ತೆರೆಯುವುದು ಎರಡೂ ಬೇಡ.

ಈ 12 ಗಂಟೆಯಲ್ಲೇ ನಮ್ಮೂರಿನ ಕಷ್ಟ ಇರುವುದು. ಮಳೆಗಾಲದಲ್ಲಿ ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಒಂದು ಸಲ ರಾತ್ರಿ ಓವನ್ ಹಚ್ಚಿ ಹೋಗಿದ್ದೆ, ಬೆಳಗ್ಗೆ ಬಂದು ನೋಡಿದರೆ ಓವನ್ ಗಡಿಯಾರ ಸೊನ್ನೆಯಲ್ಲಿ ಮಿಣುಕುತ್ತಿತ್ತು. ಎಷ್ಟು ಹೊತ್ತು ಬಿಸಿ ಇತ್ತೋ ಗೊತ್ತಿಲ್ಲ. ಪುಡಿ ನೋಡಲು ಚೆನ್ನಾಗಿಯೇ ಇತ್ತು, ಆದರೆ ಹರಳಿನ ಒಳರಚನೆ ತೋರಿಸುವ ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ ಬೇರೆಯೇ ಕಥೆ. ಈ ಕ್ರಿಯೆಯಲ್ಲಿ ಮೊದಲು ಪದರ ಪದರವಾದ ಡೆಲ್ಟಾ ರೂಪ ಹುಟ್ಟುತ್ತದೆ, ಆಮೇಲೆ ಅದು ನಿಧಾನಕ್ಕೆ ಸುರಂಗಗಳಿರುವ ಆಲ್ಫಾ ರೂಪಕ್ಕೆ ತಿರುಗುತ್ತದೆ. ನನ್ನದು ನಡುವೆಯೇ ನಿಂತುಬಿಟ್ಟಿತ್ತು. ಅದಕ್ಕೇ ಹೇಳೋದು, ಬೆಳಗ್ಗೆ ಏಳಕ್ಕೆ ಓವನ್ ಹಚ್ಚಿ, ಸಂಜೆ ಏಳಕ್ಕೆ ಆರಿಸಿ, ನಡುನಡುವೆ ಹೋಗಿ ನೋಡುತ್ತಿರಿ. ಕರೆಂಟು ಹೋದರೆ ಎಷ್ಟು ಹೊತ್ತಿಗೆ ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅರ್ಧಕ್ಕೆ ನಿಂತ ಪುಡಿಯನ್ನು ಒಳ್ಳೆಯದರ ಜೊತೆ ಬೆರೆಸಬೇಡಿ.

ತೊಳೆಯುವುದು ಬೇಜಾರಿನ ಕೆಲಸ, ಆದರೆ ತಪ್ಪಿಸಬೇಡಿ. ನಮ್ಮ ಬಾವಿ ನೀರು ಕುಡಿಯಲು ಎಷ್ಟೇ ಚೆಂದ ಇದ್ದರೂ ಇದಕ್ಕೆ ಆಗುವುದಿಲ್ಲ, ಡಿಸ್ಟಿಲ್ಡ್ ನೀರೇ ಆಗಬೇಕು. ತೊಳೆದ ನೀರು ಸ್ವಲ್ಪ ತೆಗೆದು ಒಂದು ಹನಿ ಬೇರಿಯಂ ಕ್ಲೋರೈಡ್ ಹಾಕಿ. ಹಾಲಿನ ಹಾಗೆ ಬೆಳ್ಳಗಾದರೆ ಸಲ್ಫೇಟ್ ಇನ್ನೂ ಇದೆ ಅಂತ ಅರ್ಥ. ತಿಳಿಯಾಗಿಯೇ ಉಳಿಯುವ ತನಕ ತೊಳೆಯಿರಿ. ಬೇರಿಯಂ ಕ್ಲೋರೈಡ್ ವಿಷ, ಅದನ್ನು ಬರೀ ಕೈಯಲ್ಲಿ ಮುಟ್ಟಬೇಡಿ. ನಂತರ 80 ಡಿಗ್ರಿಯಲ್ಲಿ ಒಂದು ರಾತ್ರಿ ಒಣಗಿಸಿ. ಕಾಲು ಗ್ರಾಂನಷ್ಟು ಕಂದುಗಪ್ಪು ಪುಡಿ ಸಿಗುತ್ತದೆ. ಕಡಿಮೆ ಅನಿಸುತ್ತೆ ಅಲ್ವಾ? ನಲವತ್ತು ಎಲೆಕ್ಟ್ರೋಡಿಗೆ ಸಾಕು.

ಪುಡಿ ಯಾವುದು ಅಂತ ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ, ಇಲ್ಲವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ಹೊರಗಿನವರಿಗೂ ಹಣ ತೆಗೆದುಕೊಂಡು ಅಳೆದುಕೊಡುವ ವ್ಯವಸ್ಥೆ ಇದೆ. ತಾಮ್ರದ ಎಕ್ಸ್‌ರೇ ಬಳಸಿದರೆ ಆಲ್ಫಾ ರೂಪದ ಗೆರೆಗಳು ಸುಮಾರು 12.8, 18.1, 28.8, 37.5 ಡಿಗ್ರಿಯಲ್ಲಿ ಬರುತ್ತವೆ. ಡೆಲ್ಟಾ ರೂಪದ ಮೊದಲ ಗೆರೆ 12.3ರ ಹತ್ತಿರ. ಎರಡೂ ಅಕ್ಕಪಕ್ಕ ಇರುವುದರಿಂದ ಮೊದಲ ಗೆರೆ ಮಾತ್ರ ನೋಡಿ ಆಲ್ಫಾ ಅಂತ ಬರೆಯಬೇಡಿ. 28.8 ಮತ್ತು 18.1 ಇದೆಯಾ ನೋಡಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹತ್ತಾರು ನ್ಯಾನೊಮೀಟರ್ ದಪ್ಪದ ಕಡ್ಡಿಗಳು ಸೌದೆ ರಾಶಿಯ ಹಾಗೆ ಬಿದ್ದಿರುತ್ತವೆ.

ಎಲೆಕ್ಟ್ರೋಡ್: ರೊಟ್ಟಿ ತಟ್ಟುವ ಹಾಗೆ

ಸಾಮಾನ್ಯವಾಗಿ ಪುಡಿಯನ್ನು ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಅಂಟಿನಲ್ಲಿ ಕಲಸಿ ಫಾಯಿಲಿನ ಮೇಲೆ ಬಳಿಯುತ್ತಾರೆ. ಅದನ್ನು ಕರಗಿಸುವ ಎನ್‌ಎಂಪಿ ದ್ರಾವಕ ಗಾಳಿಯ ತೇವ ಎಳೆದುಕೊಳ್ಳುತ್ತದೆ, ತೇವ ಸೇರಿದರೆ ಅಂಟು ಗಂಟು ಕಟ್ಟುತ್ತದೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಲ್ಲೋ ಆಗುಂಬೆಯಲ್ಲೋ ಅದನ್ನು ತೆರೆದಿಟ್ಟು ಬಳಿಯಲು ಕೂತರೆ ಮೊಸರು ಒಡೆದ ಹಾಗೆ ಆಗುತ್ತದೆ. ಮೇಲಾಗಿ ಆ ದ್ರಾವಕ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ನಾನು ಮಳೆಗಾಲದಲ್ಲಿ ಟೆಫ್ಲಾನ್ ಅಂಟನ್ನೇ ಬಳಸುತ್ತೇನೆ.

ಲೆಕ್ಕ ಹೀಗೆ: ಆಕ್ಸೈಡ್ 70 ಭಾಗ, ಕಾರ್ಬನ್ ಬ್ಲ್ಯಾಕ್ 20, ಟೆಫ್ಲಾನ್ 10. ಮ್ಯಾಂಗನೀಸ್ ಡೈಆಕ್ಸೈಡ್‌ನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಕಾರ್ಬನ್ ಬೇಕು. ಟೆಫ್ಲಾನ್ ನೀರಿನಲ್ಲಿ ತೇಲಿಸಿದ ಹಾಲಿನಂಥ ರೂಪದಲ್ಲಿ ಸಿಗುತ್ತದೆ, ಸಾಮಾನ್ಯವಾಗಿ ನೂರಕ್ಕೆ 60ರಷ್ಟು ಗಟ್ಟಿ. ನಮಗೆ ಬೇಕಾಗುವುದು ಒಂದೆರಡು ಹನಿ, ಅಷ್ಟನ್ನು ಸರಿಯಾಗಿ ತೂಗುವುದು ಕಷ್ಟ. ಅದಕ್ಕೆ ಅರ್ಧ ಗ್ರಾಂ ಹಾಲಿಗೆ ನಾಲ್ಕೂವರೆ ಗ್ರಾಂ ನೀರು ಬೆರೆಸಿ 6 ಪರ್ಸೆಂಟ್ ಮಾಡಿಕೊಳ್ಳಿ. ಆಗ 210 ಮಿಲಿಗ್ರಾಂ ಆಕ್ಸೈಡ್, 60 ಮಿಲಿಗ್ರಾಂ ಕಾರ್ಬನ್ನಿಗೆ ಈ ತೆಳು ಹಾಲು 500 ಮಿಲಿಗ್ರಾಂ ಹಾಕಿದರೆ ಸರಿಹೋಗುತ್ತದೆ.

ಆಕ್ಸೈಡ್ ಮತ್ತು ಕಾರ್ಬನ್ನನ್ನು ಮೊದಲು ಅಗೇಟ್ ಕಲ್ವದಲ್ಲಿ ಅರ್ಧ ಗಂಟೆ ಅರೆಯಿರಿ. ಅವಸರ ಮಾಡಬೇಡಿ. ಎರಡರ ಬಣ್ಣವೂ ಕಪ್ಪೇ ಆದ್ದರಿಂದ ಬೆರೆತಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ, ಹೊತ್ತು ನೋಡಿಯೇ ಅರೆಯಬೇಕು. ಆಮೇಲೆ ಟೆಫ್ಲಾನ್ ಹಾಲು ಮತ್ತು ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಕಲಸಿ. ಮೊದಲು ಕೆಸರಿನ ಹಾಗೆ ಇರುತ್ತದೆ, ಇದೇನೂ ಕೂಡಿಕೊಳ್ಳಲ್ಲ ಅನಿಸುತ್ತದೆ. ಆಲ್ಕೋಹಾಲ್ ಆರುತ್ತಾ ಬಂದ ಹಾಗೆ ಒತ್ತಿ ಒತ್ತಿ ನಾದಿ. ಟೆಫ್ಲಾನ್ ಎಳೆ ಎಳೆಯಾಗಿ ಬಿಚ್ಚಿಕೊಂಡು ಪುಡಿಯನ್ನು ಬಲೆಯಂತೆ ಹಿಡಿಯುತ್ತದೆ, ನೋಡನೋಡುತ್ತಲೇ ರಬ್ಬರಿನಂಥ ಉಂಡೆ ಆಗುತ್ತದೆ. ಆ ಕ್ಷಣ ನೋಡಲು ಖುಷಿಯಾಗುತ್ತದೆ. ಉಂಡೆಯನ್ನು ಗಾಜಿನ ಮೇಲಿಟ್ಟು ದಪ್ಪ ಗಾಜಿನ ಕಡ್ಡಿಯಿಂದ ಲಟ್ಟಿಸಿ. ಅಂಚು ಬಿರಿದರೆ ಒಂದು ಹನಿ ಆಲ್ಕೋಹಾಲ್ ಮುಟ್ಟಿಸಿ ಮಡಚಿ ಮತ್ತೆ ಲಟ್ಟಿಸಿ. ಆದಷ್ಟು ತೆಳ್ಳಗೆ ಮಾಡಿ, ದಪ್ಪ ಆದರೆ ಒಳಗಿನ ಪುಡಿ ಕೆಲಸಕ್ಕೆ ಬರುವುದಿಲ್ಲ.

12 ಮಿಲಿಮೀಟರ್ ಅಗಲದ ಬಿಲ್ಲೆಗಳಾಗಿ ಕತ್ತರಿಸಿ, ಅದೇ ಅಗಲದ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯ ಮೇಲಿಟ್ಟು ಒತ್ತಿ. ಐಆರ್ (ಇನ್ಫ್ರಾರೆಡ್) ಸ್ಪೆಕ್ಟ್ರಮ್ ತೆಗೆಯಲು ಬಿಲ್ಲೆ ಒತ್ತುವ ಹೈಡ್ರಾಲಿಕ್ ಪ್ರೆಸ್ ಕೆಮಿಸ್ಟ್ರಿ ವಿಭಾಗಗಳಲ್ಲಿ ಇದ್ದೇ ಇರುತ್ತದೆ, ಅದೇ ಸಾಕು. ಜಾಲರಿಯ ಪ್ರತಿ ಬಿಲ್ಲೆಯನ್ನೂ ಒತ್ತುವ ಮೊದಲೇ ತೂಗಿ ನಂಬರ್ ಹಾಕಿಟ್ಟಿರಬೇಕು. ಒಂದನ್ನು ತೂಗಿ ಉಳಿದವೂ ಅಷ್ಟೇ ಅಂದುಕೊಳ್ಳುವುದು ದೊಡ್ಡ ತಪ್ಪು.

ತೂಕದಲ್ಲಿ ಇರುವುದು ಎಲ್ಲಾ

ಮಿಲಿಗ್ರಾಂನ ನೂರನೇ ಒಂದು ಭಾಗ ತೋರಿಸುವ ತಕ್ಕಡಿ ಬೇಕು. ಒಂದು ಉದಾಹರಣೆ ಹೇಳುತ್ತೇನೆ. ಖಾಲಿ ಜಾಲರಿ 56.20 ಮಿಲಿಗ್ರಾಂ, ಒತ್ತಿ ಒಣಗಿಸಿದ ಮೇಲೆ 62.20. ಹಾಗಾದರೆ ಮೇಲಿನ ಪದರ 6 ಮಿಲಿಗ್ರಾಂ, ಅದರಲ್ಲಿ ನೂರಕ್ಕೆ 70, ಅಂದರೆ 4.2 ಮಿಲಿಗ್ರಾಂ ಮಾತ್ರ ಕೆಲಸ ಮಾಡುವ ಆಕ್ಸೈಡ್. ನಿಮ್ಮ ಫಲಿತಾಂಶವೆಲ್ಲ ಈ 4.2ರಿಂದ ಭಾಗಿಸಿ ಬರುವುದು. ಪದರಕ್ಕೆ 0.3 ಮಿಲಿಗ್ರಾಂ ತೇವ ಅಂಟಿದ್ದರೂ ಲೆಕ್ಕ ನೂರಕ್ಕೆ ಐದು ತಪ್ಪುತ್ತದೆ.

ಅಡಿಕೆ ಒಣಗಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇರುತ್ತದೆ. ಮಳೆಗಾಲದ ಒಂದು ದಿನ ಓವನ್ನಿನಿಂದ ತೆಗೆದ ಬಿಲ್ಲೆಯನ್ನು ನೇರ ತಕ್ಕಡಿ ಮೇಲಿಟ್ಟು ನೋಡಿ. ಅಂಕಿ ನಿಲ್ಲುವುದೇ ಇಲ್ಲ, ಕಣ್ಣೆದುರೇ ಏರುತ್ತಾ ಹೋಗುತ್ತದೆ. ಹಾಗಾಗಿ 80 ಡಿಗ್ರಿಯಲ್ಲಿ ಒಂದು ರಾತ್ರಿ, ಸಾಧ್ಯವಾದರೆ ವ್ಯಾಕ್ಯೂಮ್ ಓವನ್ನಿನಲ್ಲಿ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿ) ತಣಿಸಿ, ಮುಚ್ಚಳ ಇರುವ ಪುಟ್ಟ ಬಾಟಲಿಯಲ್ಲಿ ಹಾಕಿಯೇ ತೂಗಿ. ಮತ್ತೆ ಒಂದು ಗಂಟೆ ಒಣಗಿಸಿ ಮತ್ತೆ ತೂಗಿ. ಎರಡೂ ಒಂದೇ ಬಂದರೆ ಬರೆಯಿರಿ. ಡೆಸಿಕೇಟರಿನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಅದು ಸುಮ್ನೆ ಡಬ್ಬಿ ಅಷ್ಟೇ, ಮೊದಲು ಅದನ್ನು ಬಿಸಿ ಮಾಡಿ ಸರಿಮಾಡಿ.

ಸೆಲ್ ಕಟ್ಟುವುದು

ದ್ರಾವಣಕ್ಕೆ 57.5 ಗ್ರಾಂ ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್ ಮತ್ತು 1.69 ಗ್ರಾಂ ಮ್ಯಾಂಗನೀಸ್ ಸಲ್ಫೇಟ್ ಮೋನೋಹೈಡ್ರೇಟ್ ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿ. ಗೊಬ್ಬರದ ಅಂಗಡಿಯಲ್ಲಿ ಗದ್ದೆಗೆ ಹಾಕಲು ಸಿಗುವ ಜಿಂಕ್ ಸಲ್ಫೇಟ್ ಬೇಡ, ಅದರಲ್ಲಿ ಬೇರೆ ಲೋಹಗಳು ಇರುತ್ತವೆ. ಎಆರ್ ಗ್ರೇಡ್, ಅಂದರೆ ಲ್ಯಾಬ್ ಪರೀಕ್ಷೆಗೆ ಬಳಸುವಷ್ಟು ಶುದ್ಧವಾದದ್ದು ತನ್ನಿ. ಮ್ಯಾಂಗನೀಸ್ ಸಲ್ಫೇಟ್ ಯಾಕೆ ಅಂದರೆ, ಸೆಲ್ ಖಾಲಿಯಾಗುವಾಗ ಆಕ್ಸೈಡಿನಿಂದ ಮ್ಯಾಂಗನೀಸ್ ಸ್ವಲ್ಪ ಸ್ವಲ್ಪ ನೀರಿಗೆ ಕರಗಿ ಹೋಗುತ್ತದೆ. ನೀರಿನಲ್ಲಿ ಮೊದಲೇ ಅದು ಇದ್ದರೆ ಕರಗುವುದು ಕಡಿಮೆಯಾಗುತ್ತದೆ. 2016ರಲ್ಲಿ ಒಂದು ತಂಡ ಇದೇ ಉಪಾಯದಿಂದ 5000 ಸೈಕಲ್ ಆದ ಮೇಲೂ ನೂರಕ್ಕೆ 92ರಷ್ಟು ಸಾಮರ್ಥ್ಯ ಉಳಿಸಿಕೊಂಡಿತ್ತು.

ಜಿಂಕ್ ಫಾಯಿಲನ್ನು ನಯವಾದ ಎಮರಿ ಪೇಪರಿನಿಂದ ಉಜ್ಜಿ ಹೊಳಪು ಬರಿಸಿ, ಆಲ್ಕೋಹಾಲಿನಲ್ಲಿ ಒರೆಸಿ, ಕತ್ತರಿಸಿಕೊಳ್ಳಿ. ಸಿಆರ್2032 ಕಾಯಿನ್ ಸೆಲ್ಲಿನ ಡಬ್ಬಿಯಲ್ಲಿ ಮೊದಲು ಆಕ್ಸೈಡ್ ಬಿಲ್ಲೆ, ಅದರ ಮೇಲೆ ಗಾಜಿನ ನಾರಿನ ಫಿಲ್ಟರ್ ಪೇಪರ್, 100ರಿಂದ 150 ಮೈಕ್ರೋಲೀಟರ್ ದ್ರಾವಣ, ಜಿಂಕ್, ಸ್ಪೇಸರ್, ಸ್ಪ್ರಿಂಗ್, ಮುಚ್ಚಳ. ಒತ್ತಿ ಮುಚ್ಚಿ. ಪೇಪರ್ ಎಲೆಕ್ಟ್ರೋಡಿಗಿಂತ ಅಗಲ ಇರಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಶಾರ್ಟ್ ಆಗುತ್ತದೆ. ಒತ್ತುವ ಯಂತ್ರ ಇಲ್ಲದಿದ್ದರೆ ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟು ಬೈಂಡರ್ ಕ್ಲಿಪ್ ಹಾಕಿದರೂ ನಡೆಯುತ್ತದೆ. ಆಗ ಜಾಲರಿ ಮತ್ತು ಜಿಂಕ್ ಎರಡಕ್ಕೂ ಬಾಲ ಬಿಟ್ಟು ಕತ್ತರಿಸಿಕೊಳ್ಳಿ.

ಅಳೆಯುವುದು, ನಂಬುವುದು

ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ 1.3ರಿಂದ 1.5 ವೋಲ್ಟ್ ತೋರಿಸಬೇಕು. ಸೊನ್ನೆ ತೋರಿಸಿದರೆ ಎಲ್ಲೋ ತಾಗಿದೆ, ಬಿಚ್ಚಿ ನೋಡಿ. ಸೈಕ್ಲರ್ (ಸೆಲ್ಲನ್ನು ತಾನೇ ಚಾರ್ಜ್ ಮಾಡಿ, ಖಾಲಿ ಮಾಡಿ ಅಳೆಯುವ ಯಂತ್ರ) ಇದ್ದರೆ 1.0ರಿಂದ 1.8 ವೋಲ್ಟ್ ನಡುವೆ, ಗ್ರಾಂಗೆ 100 ಮಿಲಿಆಂಪ್ ಲೆಕ್ಕದಲ್ಲಿ ಓಡಿಸಿ. ನಮ್ಮ 4.2 ಮಿಲಿಗ್ರಾಂ ಬಿಲ್ಲೆಗೆ ಅದು 0.42 ಮಿಲಿಆಂಪ್. 1.8ರ ಮೇಲೆ ಹೋಗುವುದು ಬೇಡ, ನೀರು ಒಡೆದು ಆಕ್ಸಿಜನ್ ಬರುವುದು, ಸ್ಟೀಲ್ ತುಕ್ಕು ಹಿಡಿಯುವುದು ಶುರುವಾಗುತ್ತದೆ.

ಸೈಕ್ಲರ್ ಇಲ್ಲದವರು ಸೆಲ್ಲಿಗೆ 3.3 ಕಿಲೋಓಮ್ ರೆಸಿಸ್ಟರ್ ಕಟ್ಟಿ, ಹತ್ತು ನಿಮಿಷಕ್ಕೊಮ್ಮೆ ವೋಲ್ಟೇಜ್ ಬರೆದುಕೊಳ್ಳಿ. ವೋಲ್ಟೇಜನ್ನು 3300ರಿಂದ ಭಾಗಿಸಿದರೆ ಆ ಹೊತ್ತಿನ ಕರೆಂಟು. ಅದನ್ನು ಹೊತ್ತಿನಿಂದ ಗುಣಿಸಿ ಕೂಡುತ್ತಾ ಹೋಗಿ, 1 ವೋಲ್ಟಿಗೆ ಇಳಿದಾಗ ನಿಲ್ಲಿಸಿ. ಒಂದು ಮಧ್ಯಾಹ್ನ ಕೂತು ಹೀಗೆ ಕೈಯಲ್ಲಿ ಬರೆದ ಗ್ರಾಫ್ ಕಲಿಸುವಷ್ಟು ಯಾವ ಸಾಫ್ಟ್‌ವೇರೂ ಕಲಿಸುವುದಿಲ್ಲ ಅನ್ನೋದು ನನ್ನ ಅನುಭವ. ರೇಖೆ ಎರಡು ಮೆಟ್ಟಿಲಾಗಿ ಇಳಿಯುತ್ತದೆ, ಒಂದು 1.4ರ ಸುತ್ತ, ಇನ್ನೊಂದು 1.3ರ ಕೆಳಗೆ. ಒಳಗೆ ಹೋಗುವುದು ಜಿಂಕ್ ಅಯಾನೋ ಹೈಡ್ರೋಜನ್ ಅಯಾನೋ ಅಂತ ಬಹಳ ವಾದ ನಡೆದಿದೆ, ಎರಡೂ ಪಾಲು ಹೊಂದಿವೆ ಎಂದು ಈಗ ಹೆಚ್ಚಿನವರು ಒಪ್ಪುತ್ತಾರೆ.

ಪ್ರತಿ ಮ್ಯಾಂಗನೀಸ್ ಪರಮಾಣುವಿಗೆ ಒಂದು ಎಲೆಕ್ಟ್ರಾನ್ ಲೆಕ್ಕದಲ್ಲಿ ಮ್ಯಾಂಗನೀಸ್ ಡೈಆಕ್ಸೈಡಿನ ಮಿತಿ ಗ್ರಾಂಗೆ 308 ಮಿಲಿಆಂಪ್ ಅವರ್. ನಿಮಗೆ ಅದಕ್ಕಿಂತ ಜಾಸ್ತಿ ಬಂದರೆ ಕುಣಿಯಬೇಡಿ, ಮೊದಲು ತಕ್ಕಡಿಯ ಪುಟ ತೆರೆಯಿರಿ. ತೂಕವೂ ಸರಿ ಇದ್ದರೆ ಇನ್ನೊಂದು ಕಾರಣ ಇರಬಹುದು: ಚಾರ್ಜ್ ಮಾಡುವಾಗ ದ್ರಾವಣದಲ್ಲಿರುವ ಮ್ಯಾಂಗನೀಸ್ ಹೊಸ ಆಕ್ಸೈಡಾಗಿ ಎಲೆಕ್ಟ್ರೋಡಿನ ಮೇಲೆ ಕೂರುತ್ತದೆ. ಸೈಕಲ್ ಕಳೆದ ಹಾಗೆ ಸಾಮರ್ಥ್ಯ ಏರುತ್ತಾ ಹೋಗುವುದು ಬಹಳ ಸಲ ಇದರಿಂದಲೇ. ಹಾಗಾಗಿ ಆಕ್ಸೈಡೇ ಇಲ್ಲದ, ಬರೀ ಕಾರ್ಬನ್ ಮತ್ತು ಟೆಫ್ಲಾನ್ ಇರುವ ಒಂದು ಬಿಲ್ಲೆಯನ್ನೂ ಕಟ್ಟಿ ಅದೇ ದ್ರಾವಣದಲ್ಲಿ ಓಡಿಸಿ ನೋಡಿ. ಅದು ಕೊಡುವ ಅಂಕಿಯನ್ನು ರಿಪೋರ್ಟಿನಲ್ಲಿ ಬರೆಯಿರಿ. ಕನಿಷ್ಠ ಮೂರು ಸೆಲ್ ಒಂದೇ ರೀತಿ ಕಟ್ಟಿ, ಮೂರರ ಫಲಿತಾಂಶವನ್ನೂ ಕೊಡಿ, ಚೆನ್ನಾಗಿ ಬಂದದ್ದನ್ನು ಮಾತ್ರ ಆರಿಸಿ ಕೊಡಬೇಡಿ.

ಕೆಲಸ ಮುಗಿದ ಮೇಲೆ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ನಮ್ಮ ಮೋರಿಗಳು ಕೊನೆಗೆ ತುಂಗೆಗೋ ಭದ್ರೆಗೋ ಸೇರುತ್ತವೆ. ಒಂದು ಕ್ಯಾನಿನಲ್ಲಿ ಕೂಡಿಹಾಕಿ, ಸೋಡಿಯಂ ಕಾರ್ಬೊನೇಟ್ ಹಾಕಿದರೆ ಜಿಂಕ್ ಮತ್ತು ಮ್ಯಾಂಗನೀಸ್ ಎರಡೂ ತಳಕ್ಕೆ ಇಳಿಯುತ್ತವೆ. ಸೋಸಿ ಗಟ್ಟಿಯನ್ನು ಲ್ಯಾಬಿನ ಅಪಾಯಕಾರಿ ಕಸದ ಜೊತೆ ಕೊಡಿ. ಬೇರಿಯಂ ಹಾಕಿದ ನೀರನ್ನು ಬೇರೆ ಬಾಟಲಿಯಲ್ಲೇ ಇಡಿ. ಗ್ಲೌಸ್ ಹಾಕಿದ್ದರೂ ಬೆರಳಿಗೆ ಎಲ್ಲೋ ಕಂದು ಕಲೆ ಹತ್ತಿರುತ್ತದೆ. ಚರ್ಮದ ಮೇಲೆ ಪರ್ಮಾಂಗನೇಟ್ ಬಿಟ್ಟುಹೋದ ಮ್ಯಾಂಗನೀಸ್ ಡೈಆಕ್ಸೈಡ್ ಅದು. ಸೋಪಿಗೆ ಹೋಗುವುದಿಲ್ಲ. ಒಂದು ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ, ನೀರಿನಲ್ಲಿ ಕಲಸಿ ಉಜ್ಜಿ, ಹೋಗುತ್ತದೆ.